ಕ್ಯಾಮೆರಾಕ್ಕೆ ಇಟ್ಟ ಕುಂಕುಮ

ಡ್ರೈವರ್ ಮಾವನ ಬಲಗೈ ಮೊಣಕೈವರೆಗೂ ಸುಟ್ಟ ಕಡಲೆಕಾಯಿ ಸಿಪ್ಪೆಯ ಬಣ್ಣ. ಎಡಗೈ ಮಾತ್ರ ಆಗತಾನೆ ಸುಲಿದ ಬೀಜದ ಹಾಗೆ ನಸುಗೆಂಪು. ಸರ್ಕಾರಿ ಬಸ್ಸಿನ ಕಿಟಕಿಯ ಮೇಲೆ ಬಲಗೈಯೊಂದನ್ನೇ ಊರಿಕೊಂಡು ಮಧುಗಿರಿಯಿಂದ ಪಾವಗಡಕ್ಕೂ ಶಿರಾಕ್ಕೂ ಓಡಾಡಿ ಓಡಾಡಿ, ಬಿಸಿಲು ಆ ಕೈಯನ್ನಷ್ಟೇ ಹುರಿದಿತ್ತು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಬಣ್ಣ ತಿಳಿಯಾಗಲಿಲ್ಲ. ಅವರು ಕೈ ಮುಗಿದು ನಿಂತರೆ ಯಾರೋ ಇಬ್ಬರು ಸೇರಿ ನಮಸ್ಕಾರ ಮಾಡಿದ ಹಾಗೆ ಕಾಣುತ್ತಿತ್ತು.

ಮಾವ ಎಂದರೆ ರಕ್ತಸಂಬಂಧವೇನಲ್ಲ. ನಾನು ಟೀಚರ್ ಕೆಲಸಕ್ಕೆಂದು ಮಧುಗಿರಿಗೆ ಬಂದು ಬಾಡಿಗೆ ಹಿಡಿದ ಮನೆಯ ಪಕ್ಕದ ಮನೆ ಅವರದು. ಅವರು ಮಾವ, ಅವರ ಹೆಂಡತಿ ಅತ್ತೆ ಆದರು, ಅಷ್ಟೆ. ಮಕ್ಕಳಿಲ್ಲದ ಮನೆ. ಬಾಗಿಲು ಮಾತ್ರ ಯಾವಾಗಲೂ ತೆರೆದೇ ಇರುತ್ತಿತ್ತು.

ಬಸ್ಸು ಬಿಟ್ಟರೂ ಬಸ್ಸಿನ ಬುದ್ಧಿ ಅವರನ್ನು ಬಿಡಲಿಲ್ಲ. ಬೀರು ಸರಿಸುವಾಗಲೂ "ರೈಟ್, ರೈಟ್, ಹೋಲ್ಡಾನ್" ಎನ್ನುತ್ತಿದ್ದರು. ಶುಕ್ರವಾರ ಬಂತೆಂದರೆ ತಿರುಗುವುದಕ್ಕೆಲ್ಲ ಅರಿಶಿನ ಕುಂಕುಮ: ಮಿಕ್ಸಿಗೆ, ಫ್ಯಾನಿಗೆ, ಅವರ ಮೊಪೆಡ್ಡಿಗೆ, ಕೇಳದಿದ್ದರೂ ನನ್ನ ಸ್ಕೂಟಿಗೆ. ಗಾಡಿಯಾದರೆ ಮೊದಲ ಬೊಟ್ಟು ಹೆಡ್‌ಲೈಟಿಗೇ. "ದಾರಿ ನೋಡೋದು ಕಣ್ಣು ಕಣಮ್ಮ, ಮೊದ್ಲು ಅದಕ್ಕಿಡ್ಬೇಕು" ಎನ್ನುವುದು ಅವರ ಶಾಸ್ತ್ರ. ಉಂಗುರದ ಬೆರಳು ಯಾವತ್ತೋ ಬಸ್ಸಿನ ಬಾನೆಟ್ಟಿಗೆ ಸಿಕ್ಕಿ ಡೊಂಕಾಗಿತ್ತು. ಹಾಗಾಗಿ ಅವರು ಇಟ್ಟ ಬೊಟ್ಟು ಯಾವತ್ತೂ ನೇರ ಕೂತದ್ದಿಲ್ಲ. ನನ್ನ ಸ್ಕೂಟಿ ಶನಿವಾರದ ತನಕ ಮೆಳ್ಳಗಣ್ಣು ಬಿಟ್ಟುಕೊಂಡು ನಿಂತಿರುತ್ತಿತ್ತು.

ಅತ್ತೆಗೆ ಲಕ್ವ ಹೊಡೆದಾಗ ಬಲಗೈ ಬಲಗಾಲು ಎರಡೂ ಹೋದವು. ಮಾತು ಮೆಲ್ಲಗೆ ಮರಳಿತು, ಕೈ ಮರಳಲಿಲ್ಲ. ಎಡಗೈಯಲ್ಲಿ ಕುಂಕುಮ ಇಟ್ಟುಕೊಳ್ಳಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಸ್ಕೂಲಿಗೆ ಹೊರಡುವ ಮುಂಚೆ ನಾನೇ ಹೋಗಿ ಇಡುತ್ತಿದ್ದೆ. ಊಟ, ಸ್ನಾನ, ಬಟ್ಟೆ ಎಲ್ಲವನ್ನೂ ಮಾವ ನಾಚಿಕೆ ಇಲ್ಲದೆ ಮಾಡುತ್ತಿದ್ದರು. ಕುಂಕುಮ ಮಾತ್ರ ಹೆಂಗಸರ ಕೆಲಸವೆಂದೋ ಏನೋ, ಆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ನಿಲ್ಲುತ್ತಿದ್ದರು.

ಒಂದು ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ತೋವಿನಕೆರೆ ಕಡೆಗಿರುವ ಅತ್ತೆಯ ತವರೂರಿನ ಕೆರೆ ತುಂಬಿ ಕೋಡಿ ಬಿತ್ತು. ಆ ಊರಲ್ಲೊಂದು ಪದ್ಧತಿ ಇದೆ. ಕೆರೆಯ ನಡುವಿನ ಬಂಡೆಯ ಮೇಲೆ ಗಂಗಮ್ಮನ ಕಲ್ಲಿದೆ. ಕೋಡಿ ಬಿದ್ದರೆ ಊರಿನ ಹೆಣ್ಣುಮಕ್ಕಳು ಎಲ್ಲಿದ್ದರೂ ಬಂದು, ತೆಪ್ಪದಲ್ಲಿ ಅಲ್ಲಿಗೆ ಹೋಗಿ ಬಾಗಿನ ಕೊಡಬೇಕು. ಅದೊಂದು ದಿನ ಬಿಟ್ಟರೆ, ಮತ್ತೆ ಕೋಡಿ ಬೀಳುವವರೆಗೂ ಬಂಡೆಯ ಹತ್ತಿರ ಯಾರೂ ತೆಪ್ಪ ಬಿಡುವಂತಿಲ್ಲ. ಅತ್ತೆ ಮದುವೆಯಾದ ಹೊಸತರಲ್ಲಿ ಒಮ್ಮೆ ಕೊಟ್ಟಿದ್ದರಂತೆ. ಆಮೇಲೆ ಆ ಕೆರೆ ತುಂಬಿದ್ದು ಈಗಲೇ.

"ಸಾಯೋದ್ರೊಳಗೆ ಒಂದ್ಸಲ ಗಂಗಮ್ಮನ ನೋಡ್ಬೇಕು ಅಂತಿದ್ದೆ. ಇನ್ನೆಲ್ಲಿ ಬುಡು" ಎಂದು ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಸುದ್ದಿ ತಂದ ಮಾವ ಜಗಲಿಗೆ ಬಂದು ಕೂತರು. ಅಲ್ಲಿಂದಲೇ ನನ್ನನ್ನು ಕೂಗಿದರು. "ಬೆಟ್ಟ ನೋಡಕ್ಕೆ ಬರೋ ಬೈಕಿನ ಹುಡುಗ್ರು ತಲೆ ಮೇಲೆ ಕಟ್ಕೊಂಡಿರ್ತಾರಲ್ಲ ಒಂದು ಕ್ಯಾಮೆರಾ, ಅದು ನೀರಿಗೆ ತಡೀತದಾ?"

ಆ ಭಾನುವಾರವೇ ತುಮಕೂರಿಗೆ ಹೋದೆವು. ಅಂಗಡಿಯವನು ಎರಡು ಆಕ್ಷನ್ ಕ್ಯಾಮೆರಾ ತೋರಿಸಿದ. ಒಂದು ತೆಳ್ಳಗೆ ಚೆಂದವಾಗಿತ್ತು, ಆದರೆ ನೀರಿಗಿಳಿಸಬೇಕಾದರೆ ಬೇರೆ ಡಬ್ಬಿಯೊಳಗೆ ಕೂರಿಸಬೇಕು. ಇನ್ನೊಂದು ಇಟ್ಟಿಗೆ ತುಂಡಿನಂತೆ ಗಟ್ಟಿ, ಡಬ್ಬಿ ಬೇಡ. ನನಗೆ ತೆಳ್ಳಗಿನದು ಹಿಡಿಸಿತ್ತು. ಮಾವ ಒಪ್ಪಲಿಲ್ಲ. "ಅವಸರದಲ್ಲಿ ಡಬ್ಬಿ ಮರೆತ್ರೆ? ಸ್ಪೇರ್ ಟೈರ್ ಮರೆತು ದಾರೀಲಿ ನಿಂತೋರ್ನ ಎಷ್ಟು ಜನ ನೋಡಿಲ್ಲ ನಾನು!" ದಪ್ಪನೆಯದೇ ಗೆದ್ದಿತು. ಎಷ್ಟು ಅಲುಗಾಡಿದರೂ ಚಿತ್ರ ಅಲುಗುವುದಿಲ್ಲವೆಂದು ಅಂಗಡಿಯವನು ಹೊಗಳಿದ. "ನಮ್ ಪಾವಗಡ ರೋಡಲ್ಲಿ ನೋಡಿದೀರೇನ್ರೀ?" ಎಂದರು ಮಾವ. ಕೊನೆಗೆ ಅವನಿಂದಲೇ ಒಂದು ಚೊಂಬು ನೀರು ತರಿಸಿ, ಅವನ ಕೈಯಲ್ಲೇ ಅದರೊಳಗೆ ಮುಳುಗಿಸಿ ಎತ್ತಿಸಿದ ಮೇಲೆಯೇ ದುಡ್ಡಿನ ಚೀಲ ಬಿಚ್ಚಿದರು.

ಬಾಗಿನದ ದಿನ ನಾನೂ ಅವರ ಮೊಪೆಡ್ಡಿನಲ್ಲಿ ಜೊತೆಗೆ ಹೋದೆ. ಅತ್ತೆಯ ಎಡಗೈ ಮುಟ್ಟಿಸಿಕೊಂಡು ತಂದ ಮೊರದ ಜೋಡಿ ನನ್ನ ತೊಡೆಯ ಮೇಲಿತ್ತು. ಹೆಂಡತಿಯ ಬದಲು ಗಂಡ ಬಾಗಿನ ಕೊಡುವುದಕ್ಕೆ ಊರಿನವರು ಮೊದಲು ನಕ್ಕರು, ಆಮೇಲೆ ಒಪ್ಪಿದರು. ತೊಡಕಾದದ್ದು ತೆಪ್ಪದ ಹತ್ತಿರ. ಅದು ದೊಡ್ಡ ಬುಟ್ಟಿಯ ಹಾಗೆ ದುಂಡಗಿತ್ತು. ಮಾವ ಅದರ ಸುತ್ತ ಒಂದು ಸುತ್ತು ಬಂದು, ಮೀನು ಹಿಡಿಯುವ ತೆಪ್ಪದವನನ್ನು ಕೇಳಿದರು: "ಇದರ ಮುಂದೆ ಯಾವ ಕಡೆನಯ್ಯಾ?"

"ಇದಕ್ಕೆ ಮುಂದೆ ಹಿಂದೆ ಇಲ್ಲ ಸಾಮಿ. ಇದು ತಿರುಗ್ತಾನೇ ಹೋಗ್ತದೆ" ಎಂದ ಅವನು.

"ಮುಂದೆನೇ ಇಲ್ದಿರೋ ಗಾಡಿ ಎಂಥ ಗಾಡಿನಯ್ಯಾ!" ಮಾವನಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಮುಂದೆ ಇಲ್ಲದಿದ್ದರೆ ಕ್ಯಾಮೆರಾ ಕೂರಿಸುವುದೆಲ್ಲಿ? ಕೊನೆಗೆ ಹೆಗಲ ಮೇಲಿನ ಕೆಂಪು ಟವಲನ್ನು ಅಂಚಿನ ಒಂದು ಕಡೆ ಕಟ್ಟಿ, "ಇದು ಮುಂದೆ" ಎಂದು ತೀರ್ಮಾನ ಮಾಡಿದರು. ಕ್ಯಾಮೆರಾದ ಜೊತೆ ಕೊಟ್ಟಿದ್ದ ಅಂಟು ಪಟ್ಟಿ ಡಾಂಬರು ಬಳಿದ ಒದ್ದೆ ಅಂಚಿಗೆ ಹಿಡಿಯಲೇ ಇಲ್ಲ. ಮಾವ ಮೊಪೆಡ್ಡಿನ ಡಿಕ್ಕಿಯಿಂದ ಹಳೆಯ ಸೈಕಲ್ ಟ್ಯೂಬು ತಂದರು. ಮೊರ ಅಡ್ಡ ಬಾರದಷ್ಟು ಎತ್ತರಕ್ಕೆ ಒಂದು ಗೂಟವನ್ನು ಅಂಚಿಗೆ ನಿಲ್ಲಿಸಿ, ಟ್ಯೂಬಿನ ಪಟ್ಟಿಯಿಂದ ಬಿಗಿದು, ಅದರ ತಲೆಗೆ ಕ್ಯಾಮೆರಾ ಕಟ್ಟಿದರು. ಜಗ್ಗಿ ನೋಡಿದೆ, ಕದಲಲಿಲ್ಲ. ನೀರಿಗೆ ಬಿದ್ದರೂ ಮುಳುಗಬಾರದೆಂದು, ಬಾವಿಯಲ್ಲಿ ಈಜು ಕಲಿಯುವ ಮಕ್ಕಳ ಬೆನ್ನಿಗೆ ಕಟ್ಟುವಂಥ ಬೆಂಡನ್ನು ದಾರದಲ್ಲಿ ಅದಕ್ಕೆ ಗಂಟು ಹಾಕಿದರು.

ಮಾವನಿಗೆ ಈಜು ಬರುವುದಿಲ್ಲ. ತೆಪ್ಪದವನಿಗೂ ಅದು ಗೊತ್ತಾಯಿತು. "ನೀವೂ ಒಂದು ಬೆಂಡು ಕಟ್ಕಳಿ ಸಾಮಿ" ಎಂದ.

"ನನ್ನ ಬುಡಯ್ಯ. ಇದು ಹೋದ್ರೆ ಅವಳಿಗೆ ಏನು ತೋರ್ಸ್ಲಿ?" ಎಂದರು ಮಾವ. ನಾನು ಮೊರ ಎತ್ತಿಕೊಂಡು ಏರಿಯ ಕಡೆ ತಿರುಗಿ ನಿಂತೆ. ಹೊಸ ಗಾಡಿ ಹೊರಡಿಸುವ ಪೂಜೆಯನ್ನು ಅವರು ಮಾಡಿದ್ದು ಆಗಲೇ. ನಿಂಬೆಹಣ್ಣು, ಊದುಬತ್ತಿ, ತೆಪ್ಪಕ್ಕೆ ಕುಂಕುಮ, ಹುಟ್ಟಿಗೆ ಕುಂಕುಮ. ನಾನು ಮೊರ ಕೊಟ್ಟೆ. ತೆಪ್ಪ ಹೊರಟಿತು.

ಸಂಜೆ ಮನೆಯಲ್ಲಿ ಕ್ಯಾಮೆರಾ ಹಿಡಿದದ್ದನ್ನು ಪೆನ್‌ಡ್ರೈವಿಗೆ ಹಾಕಿ ಟಿ.ವಿ.ಗೆ ಸಿಕ್ಕಿಸಿದೆ. ಅತ್ತೆಯನ್ನು ದಿಂಬಿಗೆ ಒರಗಿಸಿ ಕೂರಿಸಿದ್ದೆವು. ಚಿತ್ರ ಬಂತು. ನಡುವಿನಿಂದ ಕೊಂಚ ವಾಲಿದ ಒಂದು ದೊಡ್ಡ ಕೆಂಪು ಮಸುಕು, ಸುತ್ತ ಅಂಚಿನಲ್ಲಿ ಮಾತ್ರ ನೀರು, ಆಕಾಶ. ಹೆಡ್‌ಲೈಟಿಗೆ ಇಟ್ಟಂತೆ, ದಾರಿ ನೋಡುವ ಕಣ್ಣಿಗೇ ಮೊದಲು ಬೊಟ್ಟಿಟ್ಟಿದ್ದರು ಮಾವ. ಚಿತ್ರದೊಳಗೆ ಅವರ ದನಿ ಮಾತ್ರ ಕಂಡಕ್ಟರನ ಹಾಗೆ ಕೂಗುತ್ತಿತ್ತು: "ನೋಡೇ, ಎಡಗಡೆ ನಿಮ್ಮೂರ ಏರಿ. ಅಯ್ಯ, ಬಲಗಡೆ ಹೋಯ್ತು. ತಡಿ, ಮತ್ತೆ ಬಂತು." ಬಂಡೆ ಬಂತು. ಬಂಡೆಯ ಅಂಚು ಕಂಡಿತು, ಬಾಗಿನ ಹಿಡಿದ ಎರಡು ಬಣ್ಣದ ಎರಡು ಕೈ ಕಂಡವು. ಗಂಗಮ್ಮ ಮಾತ್ರ ಪೂರ್ತಿ ಕೆಂಪಿನೊಳಗೆ ಮುಚ್ಚಿಹೋಗಿದ್ದಳು.

ಮಾವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಕೆಡಿಸ್ಬುಟ್ಟೆ ಕಣೇ. ಇನ್ನು ಯಾವ ಕಾಲಕ್ಕೆ ಕೋಡಿ ಬೀಳ್ತದೋ" ಎಂದರು. ಅಷ್ಟು ಸಣ್ಣ ದನಿ ಅವರಿಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಅತ್ತೆ ಟಿ.ವಿ.ಯಿಂದ ಕಣ್ಣು ಕೀಳಲಿಲ್ಲ. ನಿಧಾನವಾಗಿ ನಗು ಬಂತು, ಅರ್ಧ ಮುಖದಲ್ಲಿ. "ಗಂಗಮ್ಮ ಕಾಣ್ದಿದ್ರೆ ಬುಡಿ, ಅವಳು ಅಲ್ಲೇ ಇರ್ತಾಳೆ. ಆಯಸ್ಸೆಲ್ಲ ಬಸ್ಸಿಗೆ ಇಟ್ರಿ, ಮಿಕ್ಸಿಗೆ ಇಟ್ರಿ, ಈಗ ಕ್ಯಾಮೆರಾಕ್ಕೂ ಇಟ್ರಿ. ಒಂದಿನನಾದ್ರೂ ನನ್ನ ಹಣೆಗಿಟ್ರಾ ನೀವು?"

ಮಾವ ನನ್ನ ಮುಖ ನೋಡಿದರು. ನಾನು ಕುಂಕುಮದ ಡಬ್ಬಿಯನ್ನು ಅವರ ಕೈಗೆ ಕೊಟ್ಟು, ಈ ಸಲ ನಾನು ಹೊರಗೆ ಹೋಗಿ ನಿಂತೆ.

ಮಾರನೆಯ ದಿನದಿಂದ ನನಗೆ ಆ ಕೆಲಸ ತಪ್ಪಿತು. ಬೆಳಿಗ್ಗೆ ಸ್ಕೂಟಿ ತೆಗೆಯುವಾಗ ಕಿಟಕಿಯಿಂದ "ಅಲುಗಾಡ್ಬ್ಯಾಡ ಕಣೇ, ರೈಟ್, ರೈಟ್, ಹೋಲ್ಡಾನ್" ಎಂದು ಕೇಳುತ್ತಿತ್ತು. ಕ್ಯಾಮೆರಾ ಒರೆಸಿ ಕೊಡಲು ಹೋದರೆ ಅತ್ತೆ ಬಿಡಲಿಲ್ಲ. ಅದು ಟಿ.ವಿ.ಯ ಪಕ್ಕ ಬೊಟ್ಟಿಟ್ಟುಕೊಂಡೇ ಕೂತಿತು.

ಹೋದ ವರ್ಷ ಬೇಸಿಗೆಯಲ್ಲಿ ಮಾವ ಊಟ ಮಾಡಿ ಜಗಲಿಯಲ್ಲಿ ಮಲಗಿದವರು ಏಳಲಿಲ್ಲ. ಅವತ್ತು ಬೆಳಿಗ್ಗೆಯೂ ಅತ್ತೆಗೆ ಕುಂಕುಮ ಇಟ್ಟಿದ್ದರು. ಹಣೆಯ ಕುಂಕುಮ ಅಳಿಸುವ ಶಾಸ್ತ್ರದ ದಿನ ನೆಂಟರ ಕಡೆಯ ಹೆಂಗಸರು ಒದ್ದೆ ಬಟ್ಟೆ ಹಿಡಿದು ಅತ್ತೆಯ ಹತ್ತಿರ ಬಂದರು. ಅತ್ತೆ ಆಡುವ ಎಡಗೈಯನ್ನು ಹಣೆಗೆ ಅಡ್ಡ ಹಿಡಿದರು. "ಇಟ್ಟೋರು ಬಂದು ಒರೆಸ್ಲಿ" ಎಂದರು. ಬಟ್ಟೆ ಬಕೆಟ್ಟಿಗೆ ಹೋಯಿತು.

ಈಗ ಸ್ಕೂಲಿಗೆ ಹೊರಡುವ ಮುಂಚೆ ಮತ್ತೆ ನಾನೇ ಹೋಗುತ್ತೇನೆ. ಮೊದಲ ದಿನ ನೇರವಾಗಿ, ದುಂಡಗೆ ಇಟ್ಟು ಕನ್ನಡಿ ಹಿಡಿದೆ. ಅತ್ತೆ ನೋಡಿಕೊಂಡು ತಲೆ ಅಲ್ಲಾಡಿಸಿದರು.

"ಇಂಗಲ್ಲ ಕಣಮ್ಮ. ಸ್ವಲ್ಪ ಸೊಟ್ಟಕ್ಕಿಡು."