ರುಕ್ಸಾನಾಳ ಕೊಕ್ಕರೆ ರವಿಕೆ

ರುಕ್ಸಾನಾ ಕೂತಲ್ಲಿ ಕೂರುವ ಹೆಂಗಸಲ್ಲ. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ಹೊಲಿಗೆ ಅಂಗಡಿ. ಮೆಷಿನ್ ತುಳಿಯುತ್ತಿದ್ದವಳು ಎದ್ದು ಇಸ್ತ್ರಿ ಪೆಟ್ಟಿಗೆ ಕಾದಿದೆಯೇ ಎಂದು ಮುಟ್ಟಿ ನೋಡುತ್ತಾಳೆ, ಬಾಗಿಲಿಗೆ ಹೋಗಿ ಓಣಿಯ ಎರಡೂ ತುದಿ ನೋಡುತ್ತಾಳೆ, ಮತ್ತೆ ಬಂದು ಕೂರುತ್ತಾಳೆ. ಆ ಬುಧವಾರವಂತೂ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನ ಮಧ್ಯಾಹ್ನ ಹನ್ನೆರಡರೊಳಗೆ ಒಂದು ರವಿಕೆಯನ್ನು ಹಗುರ ಮಾಡಿ ಕಳಿಸಬೇಕಿತ್ತು. ತಪ್ಪಿದರೆ ಅದನ್ನು ಬಜಾರಿನಲ್ಲಿ ತೂಗುಹಾಕುತ್ತಿರಲಿಲ್ಲ.

ಆ ರವಿಕೆ ಬಟ್ಟೆಯದಲ್ಲ. ಬಜಾರೂ ಶಿಕಾರಿಪುರದ್ದಲ್ಲ. ಕಂಪ್ಯೂಟರಿನೊಳಗೆ ಒಂದು ಊರಿದೆ. ದೇಶದೇಶದ ಜನ ಅಲ್ಲಿ ತಮ್ಮದೊಂದು ಗೊಂಬೆ ಮಾಡಿಕೊಂಡು ಓಡಾಡುತ್ತಾರೆ, ಹರಟುತ್ತಾರೆ, ಕುಣಿಯುತ್ತಾರೆ. ಗೊಂಬೆಗಳಿಗೂ ಉಡುವ ಆಸೆ. ಚಿತ್ರ ಬರೆಯಲು ಬರುವ ಯಾರು ಬೇಕಾದರೂ ಅವಕ್ಕೆ ಬಟ್ಟೆ, ಒಡವೆ, ಮನೆ ಮಾಡಿ ಕೊಡಬಹುದು. ಇದನ್ನು ತೋರಿಸಿದವಳು ಅಕ್ಕನ ಮಗಳು ಶಾಹೀನ್. ಎಂಟು ತಿಂಗಳು, ಊಟದ ಹೊತ್ತಿಗೆ ಅಂಗಡಿಯ ಅರ್ಧ ಬಾಗಿಲೆಳೆದು, ಶಾಹೀನಳ ಹಳೆಯ ಲ್ಯಾಪ್‌ಟಾಪಿನಲ್ಲಿ ರುಕ್ಸಾನಾ ಕಲಿತಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಂಗ್ಲಿಷ್ ಓದಲು ಬಾರದು. ಯಾವ ಗುಂಡಿ ಎಲ್ಲಿದೆ ಎಂಬುದನ್ನು ಹುಕ್ಕು ಕಾಜಾ ನೆನಪಿಟ್ಟಂತೆ ನೆನಪಿಟ್ಟಳು.

ಇಷ್ಟಕ್ಕೆಲ್ಲ ಕಾರಣ ಒಂದು ಹಕ್ಕಿ. ಇಪ್ಪತ್ತು ವರ್ಷದ ಹಿಂದೆ, ಕುಪ್ಪಗಡ್ಡೆಯ ನಾಗವೇಣಿ ತನ್ನ ಮದುವೆಯ ರವಿಕೆ ಚಂದ ಹೊಲಿದಳೆಂದು ರುಕ್ಸಾನಾಳನ್ನು ಊರಿಗೆ ಕರೆಸಿ, ಗುಡವಿ ಕೆರೆ ತೋರಿಸಿದ್ದಳು. ನೀರೊಳಗೆ ನಿಂತ ಮರಗಳ ತುಂಬ ಬಿಳಿ ಹಕ್ಕಿಗಳು. ತಲೆ, ಕತ್ತು ಮಾತ್ರ ಮಸಿ ಬಳಿದ ಹಾಗೆ ಕಪ್ಪು, ಕೊಕ್ಕು ಕುಡುಗೋಲಿನಂತೆ ಬಾಗಿತ್ತು. ಮನೆಗೆ ಬಂದವಳೇ ಬಟ್ಟೆ ಕತ್ತರಿಸುವ ಕಾಗದದ ಮೇಲೆ ಒಂದರ ಕೊಕ್ಕು ಇನ್ನೊಂದರ ರೆಕ್ಕೆಗೆ ತಾಗುವಂತೆ ಬರೆದು, ರವಿಕೆಯ ಬೆನ್ನಿಗೆಂದು ಅರ್ಧಚಂದ್ರದ ನಕ್ಷೆ ಮಾಡಿದ್ದಳು. ಅಂದಿನಿಂದ ಎಷ್ಟು ಜನಕ್ಕೆ ತೋರಿಸಿದಳೋ.

"ಕೊಕ್ಕರೇನ ಬೆನ್ನ ಮ್ಯಾಲೆ ಯಾರು ಕೂರಿಸ್ಕೊಂತಾರ್ರೀ? ನವಿಲು ಹಾಕ್ರೀ," ಎಂದೇ ಎಲ್ಲರೂ ಹೇಳಿದರು. ಈಗಿನವರು ಫೋನಿನಲ್ಲಿ ಫೋಟೊ ತೋರಿಸಿ "ಹಿಂಗೇ ಬೇಕು" ಅನ್ನುತ್ತಾರೆ. ಸಾವಿರಾರು ರವಿಕೆ ಹೊಲಿದ ಕೈಗೆ ತನ್ನದೆನ್ನುವ ಒಂದು ರವಿಕೆ ಇರಲಿಲ್ಲ.

ಆ ಕಂಪ್ಯೂಟರ್ ಊರಿನವರು ಹೊಸ ಕಲಾವಿದರ ಹತ್ತು ಉಡುಪು ಆರಿಸಿ ಮುಂದಿನ ಸಾಲಿನಲ್ಲಿ, ಮಾಡಿದವರ ಹೆಸರಿನೊಂದಿಗೆ ತೂಗುಹಾಕುತ್ತೇವೆ ಎಂದಿದ್ದರು. ರುಕ್ಸಾನಾ ಗೊಂಬೆಗೆಂದು ಮಾಡಿ ಕಳಿಸಿದ ಕೊಕ್ಕರೆ ರವಿಕೆ ಆಯ್ಕೆಯಾಯಿತು. ಆದರೆ ಬುಧವಾರ ಬೆಳಿಗ್ಗೆ ವಾಪಸು ಬಂತು.

ಜೊತೆಗೆ ಬಂದ ಸಂದೇಶವನ್ನು ಶಾಹೀನ್ ಓದಿ ಹೇಳಿದಳು. "ಖಾಲಾ, ಭಾರ ಜಾಸ್ತಿ ಆಗೈತಂತೆ. ಅಲ್ಲಿ ಬಟ್ಟೆ ಅಂದ್ರೆ ಸಣ್ಣ ಸಣ್ಣ ತ್ರಿಕೋನ ಜೋಡಿಸಿದ್ದು. ಐದು ಸಾವಿರ ದಾಟಬಾರ್ದು. ನಿಮ್ದು ಹತ್ತೊಂಬತ್ತು ಸಾವಿರ ಐತೆ!"

"ಹಕ್ಕಿ ಜಾಸ್ತಿ ಆದ್ವಾ?"

"ಹಕ್ಕಿ ಬರೀ ಬಣ್ಣ, ಅದಕ್ಕೆ ಭಾರ ಇಲ್ಲ." ಶಾಹೀನ್ ರವಿಕೆಯನ್ನು ಪರದೆಯ ಮೇಲೆ ಒಳಹೊರಗು ಮಾಡಿದಳು. ನೋಡಿ ಬಾಯಿಗೆ ಕೈ ಇಟ್ಟಳು. "ಯಾ ಅಲ್ಲಾ! ಖಾಲಾ, ಏನ್ ಮಾಡೀರಿ ಇದು?"

ಒಳಗೆ ಪೂರಾ ಲೈನಿಂಗ್ ಇತ್ತು. ಅಂಚುಗಳನ್ನು ಎರಡು ಮಡಿಕೆ ಮಡಿಸಿದ್ದಳು. ಆರು ಹುಕ್ಕು, ಆರು ಕಾಜಾ. ಎರಡೂ ಪಕ್ಕೆಯಲ್ಲಿ ಎರಡೆರಡು ಇಂಚು ಬಟ್ಟೆ ಒಳಗೆ ಬಿಟ್ಟು, ಅದರ ಮೇಲೆ ಮೂರು ಸಾಲು ಹೊಲಿಗೆ ಹಾಕಿದ್ದಳು.

"ಮುಂದೆ ದಪ್ಪ ಆದ್ರೆ ಬಿಚ್ಚೋಕೆ ಬೇಡ್ವಾ?" ಎಂದಳು ರುಕ್ಸಾನಾ.

ಶಾಹೀನ್ ನಕ್ಕು ನಕ್ಕು ಬಟ್ಟೆ ಗಂಟಿನ ಮೇಲೆ ಬಿದ್ದಳು. ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದ ರುಕ್ಸಾನಾಳ ತಾಯಿ ಅಮೀನಾಬಿ ತಲೆಯೆತ್ತಿದರು. ಮಗಳಿಗೆ ಕತ್ತರಿ ಹಿಡಿಸಿದವರೇ ಅವರು. ಒಳಗೆ ಬಟ್ಟೆ ಬಿಡದ ದರ್ಜಿ ಕಳ್ಳನಿಗೆ ಸಮ ಎಂದು ಬೈದು ಕಲಿಸಿದ್ದರು.

"ಆ ಗೊಂಬೆ ದಪ್ಪ ಆಗ್ತದಾ?"

"ಇಲ್ಲ ಅಮ್ಮಿ."

"ಬಸುರಿ ಬಾಣಂತಿ?"

"ಅದೂ ಇಲ್ಲ."

"ಮತ್ಯಾಕೆ ಬಿಟ್ಟೆ, ಹುಚ್ಚಿ? ಕತ್ತರಿಸಿ ಒಗಿ," ಎಂದು ಅಮೀನಾಬಿ ಸೂಜಿಗೆ ದಾರ ಪೋಣಿಸತೊಡಗಿದರು.

ಅಮ್ಮಿ ಕತ್ತರಿಸಬೇಡ ಅಂದಿದ್ದರೆ ಜಗಳ ಆಡಬಹುದಿತ್ತು. ಹೀಗೆ ಸಲೀಸಾಗಿ ಕತ್ತರಿಸು ಅಂದಾಗ ರುಕ್ಸಾನಾಳಿಗೆ ಕೂರಲಾಗಲಿಲ್ಲ. ಎದ್ದು ಬಾಗಿಲಿಗೆ ಹೋದಳು. ಅದೇ ಹೊತ್ತಿಗೆ ಸೊರಬದ ಬಸ್ಸಿಳಿದು ನಾಗವೇಣಿ ಬಂದಳು, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ.

"ಎಂತ ರುಕ್ಸಾನಾ, ಬಾಗಿಲು ಕಾಯ್ತಿದೀಯಾ? ತಗ, ಮತ್ತೆ ಬಿಗಿ ಆಯ್ತು ಮಾರಾಯ್ತಿ. ನಾಡಿದ್ದು ಉಡುತಡೀಲಿ ಗೃಹಪ್ರವೇಶ."

ಅದೇ ಮದುವೆಯ ರವಿಕೆ. ಮೊದಲ ಮಗು ಆದಾಗ ಒಂದು ಸಾಲು, ಎರಡನೆಯದಕ್ಕೆ ಇನ್ನೊಂದು ಸಾಲು ಬಿಚ್ಚಿದ್ದಾಗಿತ್ತು. ರುಕ್ಸಾನಾ ಬ್ಲೇಡಿನಿಂದ ಕೊನೆಯ ಸಾಲು ಬಿಚ್ಚಿದಳು. ಹೊರಗೆ ರವಿಕೆ ಮಾಸಿ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಒಳಗೆ ಬಿಟ್ಟ ಪಟ್ಟಿ ಮಾತ್ರ ಮದುವೆ ದಿನದ ಗಾಢ ಹಸಿರು, ಜರಿ ಇನ್ನೂ ಹೊಳೆಯುತ್ತಿತ್ತು. ಮೂರು ಸಲ ಈ ಹೆಂಗಸು ತನ್ನ ಬಳಿ ತಿರುಗಿ ಬಂದಿದ್ದಾಳೆ. ಗೊಂಬೆಯ ರವಿಕೆ ತೊಟ್ಟವರು ಒಂದು ಸಲವೂ ಬರುವುದಿಲ್ಲ. ತಿರುಗಿ ಬರಲಿ ಎಂದೇ ಅಲ್ಲವೇ ಒಳಗೆ ಬಟ್ಟೆ ಬಿಟ್ಟಿದ್ದು ಎಂದು ಅವಳಿಗೆ ಆಗ ಹೊಳೆಯಿತು.

ವಿಷಯ ಕೇಳಿದ ನಾಗವೇಣಿ ಪರದೆಗೆ ಮುಖ ಒಡ್ಡಿದಳು. "ಅಯ್ಯೋ, ನಮ್ಮ ಗುಡವಿ ಹಕ್ಕಿ! ಹೊರಗಿಂದ ಹಕ್ಕಿ ಕಂಡ್ರೆ ಸಾಕಲ್ಲ ಮಾರಾಯ್ತಿ. ಒಳಗೆ ಎಂತ ಇದ್ದರೆ ಯಾರಿಗೆ ಬೇಕು?"

ಅವಳು ಹೋದ ಮೇಲೆ ರುಕ್ಸಾನಾ ಹಲ್ಲು ಕಚ್ಚಿ ಕತ್ತರಿಸಿದಳು. ಲೈನಿಂಗ್ ಹೋಯಿತು, ಹುಕ್ಕು ಹೋದವು, ಪಕ್ಕೆಯ ಬಟ್ಟೆ ಹೋಯಿತು, ಮಡಿಕೆಗಳೂ ಹೋದವು. ತ್ರಿಕೋನಗಳು ಮೂರು ಸಾವಿರಕ್ಕಿಳಿದವು. "ಮುಗೀತು, ಕಳಿಸ್ಲಾ?" ಎಂದಳು ಶಾಹೀನ್.

"ತಡಿ. ಗೊಂಬೆಗೆ ತೊಡಿಸು. ತಿರುಗಿಸು."

ಗೊಂಬೆ ತಿರುಗಿತು. ತೋಳಿನ ಬಾಯಿಯೊಳಗೆ, ಕೈಯ ಸುತ್ತ, ಏನೂ ಇರಲಿಲ್ಲ. ಅಂಚಿಗೆ ದಪ್ಪವಿಲ್ಲದೆ, ಒಳಮೈ ಇಲ್ಲದೆ, ತೋಳಿನ ಮೂಲಕ ಹಿಂದಿನ ಗೋಡೆ ಕಾಣುತ್ತಿತ್ತು. ಕತ್ತಿನ ಹತ್ತಿರವೂ ಹಾಗೇ, ಮೊಟ್ಟೆಯ ಸಿಪ್ಪೆಯ ಹಾಗೆ.

"ಇದು ರವಿಕೆ ಅಲ್ಲ ಕಣೇ, ಮೈಗೆ ಬಳಿದ ಸುಣ್ಣ."

"ಖಾಲಾ, ಎಲ್ರೂ ಹಿಂಗೇ ಕಳಿಸ್ತಾರೆ."

"ಕಳಿಸ್ಲಿ."

ಗುರುವಾರ ಅಂಗಡಿ ತೆಗೆಯುವ ಮೊದಲೇ ಕೂತಳು. ಎಲ್ಲೆಲ್ಲಿ ಕಣ್ಣು ಒಳಗೆ ಇಣುಕುತ್ತದೋ ಅಲ್ಲಿ ಮಾತ್ರ, ಕತ್ತಿಗೆ ಮತ್ತು ಎರಡು ತೋಳಿಗೆ, ಒಂದು ಬೆರಳಗಲ ಬಟ್ಟೆ ಒಳಕ್ಕೆ ಮಡಿಸಿದಳು. ಹೊಲಿಗೆಯನ್ನು ಬಣ್ಣದಲ್ಲಿ ಬರೆದಳು. ನಡುವೆ ನಾಲ್ಕು ಸಲ ಎದ್ದು ಬಾಗಿಲಿಗೆ ಹೋದಳು. ನಾಲ್ಕು ಸಾವಿರದ ಎಂಟುನೂರು! ಹನ್ನೊಂದೂವರೆಗೆ ಶಾಹೀನ್ ಕೇಳಿದಳು, "ಹೆಸರು? ರುಕ್ಸ್ ಫ್ಯಾಶನ್ ಅನ್ನೋಣ್ವಾ?"

"ಯಾಕೆ, ನನ್ನ ಹೆಸರಿಗೇನಾಗೈತೆ? ರುಕ್ಸಾನಾ, ಶಿಕಾರಿಪುರ ಅಂತ ಹಾಕು."

ಭಾನುವಾರ ರವಿಕೆ ಬಜಾರಿನಲ್ಲಿ ತೂಗಾಡಿತು. ಕೆಳಗೆ ಇಂಗ್ಲಿಷಿನಲ್ಲಿ ಅವಳ ಹೆಸರು, ಊರು. ಇಬ್ಬರೂ ಪರದೆಯ ಮುಂದೆ ಕೂತರು. ತುಂಬ ಹೊತ್ತು ಯಾರೂ ಮುಟ್ಟಲಿಲ್ಲ. ಆಮೇಲೆ ನೀಲಿ ಮೈಯ, ಎತ್ತರದ ಹೆಣ್ಣು ಗೊಂಬೆಯೊಂದು ಬಂದು ನಿಂತಿತು. ಮುಂದೆ ಹೋಯಿತು. ತಿರುಗಿ ಬಂತು. ತೊಟ್ಟುಕೊಂಡಿತು. ನೀಲಿ ಬೆನ್ನಿನ ಮೇಲೆ ಬಿಳಿ ಹಕ್ಕಿಗಳು ಸಾಲಾಗಿ ಕೂತವು.

ಶಾಹೀನ್ ಚಪ್ಪಾಳೆ ತಟ್ಟಿದಳು. ರುಕ್ಸಾನಾ ತಟ್ಟಲಿಲ್ಲ, ಪರದೆಗೆ ಮೂಗು ತಾಗುವಷ್ಟು ಬಾಗಿದ್ದಳು.

"ಕೈ ಎತ್ತೋಕೆ ಹೇಳು."

"ಖಾಲಾ!"

"ಬರಿ ಅಂತೀನಿ. ಹೊಲಿದವಳು ಕೇಳ್ತಾಳೆ, ಸ್ವಲ್ಪ ಕೈ ಎತ್ತು ಅಂತ ಬರಿ."

ಶಾಹೀನ್ ನಾಚಿಕೊಂಡೇ ಇಂಗ್ಲಿಷಿನಲ್ಲಿ ಬರೆದಳು. ಯಾವುದೋ ದೇಶದಲ್ಲಿ ಕೂತ ಯಾರೋ, ಓದಿಕೊಂಡು, ಗೊಂಬೆಯ ಎರಡೂ ಕೈಯನ್ನು ನಿಧಾನ ಮೇಲೆತ್ತಿದರು. ತೋಳಿನ ಬಾಯಿ ಈ ಕಡೆ ತಿರುಗಿತು. ಒಳಗಿನ ಮಡಿಕೆ ನೆಟ್ಟಗೆ ಕಂಡಿತು.

"ಸರಿ ಐತಲ್ಲ ಈಗ?" ಎಂದಳು ಶಾಹೀನ್.

"ಎಡಗಂಕುಳಲ್ಲಿ ಎಳೀತೈತೆ ನೋಡು. ಬಿಚ್ಚಿ ಕೊಡೋಕೆ ಹೇಳು. ಮಂಗಳವಾರದೊಳಗೆ ಸರಿ ಮಾಡಿ ಕೊಡ್ತೀನಿ."