ಬೆನ್ನಿಗೆ ಹತ್ತಿದ ಮಣ್ಣು

ಇವತ್ತು ಬೆಳಿಗ್ಗೆ ತುಳಸಿಕಟ್ಟೆಯ ಹತ್ತಿರ ಮಜ್ಜಿಗೆ ಗಡಿಗೆಯ ಸಮೇತ ಜಾರಿಬಿದ್ದೆ. ಈ ವಯಸ್ಸಿನಲ್ಲಿ ಬಿದ್ದರೆ ಮನೆಯವರ ಮುಖ ಹೇಗಾಗುತ್ತದೆಂದು ನಿಮಗೆ ಗೊತ್ತೇ ಇದೆ. ಮೊಮ್ಮಗಳು ಚೀರಿಕೊಂಡು ಓಡಿಬಂದಳು. ನಾನು ಮಾತ್ರ ಮಲಗಿದಲ್ಲೇ ಮೂಗರಳಿಸುತ್ತಿದ್ದೆ. ಕೆಂಪು ಮಣ್ಣಿಗೆ ಮಜ್ಜಿಗೆ ಬೆರೆತರೆ ಗರಡಿಮನೆಯ ವಾಸನೆ ಬರುತ್ತದೆ; ಕುಸ್ತಿಯ ಮಣ್ಣನ್ನು ಮಜ್ಜಿಗೆ ಹಾಕಿಯೇ ಹದ ಮಾಡುತ್ತಾರೆ. ಹಾಗೆಂದು ನಾನು ಗರಡಿಯೊಳಗೆ ಕಾಲಿಟ್ಟವಳಲ್ಲ, ಹೆಂಗಸರು ಹೋಗುವಂತಿರಲಿಲ್ಲ. ಆ ವಾಸನೆಯೇ ನಮ್ಮವರ ಮೈಮೇಲೆ ಕೂತು ಮನೆಗೆ ಬರುತ್ತಿತ್ತು.

ಮಹಾರಾಜರ ಕಾಲ. ನನ್ನ ಮದುವೆಯಾದ ಹೊಸದು. ನಮ್ಮವರಿಗೆ ಚನ್ನಗಿರಿಯ ಅಡಿಕೆ ಮಂಡಿಯಲ್ಲಿ ಕೆಲಸ ಸಿಕ್ಕಿ, ಅತ್ತೆಯನ್ನೂ ಕರೆದುಕೊಂಡು ಹೊನ್ನಾಳಿಯಿಂದ ಬಂದಿದ್ದೆವು. ಹೊನ್ನಾಳಿಯಲ್ಲಿ ಅವರು ಕುಸ್ತಿ ಆಡಿದವರು, ಒಮ್ಮೆಯೂ ಸೋತವರಲ್ಲ. “ನನ್ನ ಬೆನ್ನಿಗೆ ಮಣ್ಣು ಹತ್ತಿಲ್ಲ” ಎಂದು ಊಟಕ್ಕೆ ಕೂತರೂ ಹೇಳುವರು, ಸ್ನಾನಕ್ಕೆ ಕೂತರೂ ಹೇಳುವರು. ಬೆನ್ನು ಉಜ್ಜುವವಳು ನಾನು. ಮಣ್ಣಿರಲಿಲ್ಲ, ನಿಜ, ಕೊಳೆ ಬೇಕಾದಷ್ಟಿರುತ್ತಿತ್ತು.

ಚನ್ನಗಿರಿಯ ಗರಡಿಗೆ ಸೇರಲು ಹೋದಾಗ ಅಲ್ಲಿನ ಉಸ್ತಾದ್ ಸಾಬರು, ಏನೇನು ಬರುತ್ತದೆ ಎಂದು ಕೇಳಿದರಂತೆ. ಇವರು ಪಟ್ಟುಗಳ ಹೆಸರನ್ನೆಲ್ಲ ಸಹಸ್ರನಾಮದ ಹಾಗೆ ಒಪ್ಪಿಸಿದರಂತೆ.

“ಭಾಳ ಚೆನ್ನಾಗೈತೆ. ಈಗ ಒಂದ್ಸಲ ಬಿದ್ದು ತೋರ್ಸ್ರಿ.”

“ಬೀಳಾದಾ? ನಾನು ಬೀಳ್ಸಾಕೆ ಬಂದೀನಿ, ಉಸ್ತಾದ್ರೇ.”

“ಅದು ಆಮ್ಯಾಕೆ. ಬೀಳಾಕೆ ಬರದವ್ರನ್ನ ನಾನು ಅಖಾಡಕ್ಕೆ ಇಳಿಸಲ್ಲ. ಕತ್ತು ಮುರ್ಕಂಡ್ರೆ ನಿಮ್ಮವ್ವಂಗೆ ಏನಂತ ಹೇಳ್ಲಿ?”

ಮನೆಗೆ ಬಂದವರು ಮುದ್ದೆ ಮುಟ್ಟಲಿಲ್ಲ. ಚಿಕ್ಕ ಹುಡುಗರ ಎದುರು ಬೇಕೆಂದೇ ನೆಲಕ್ಕೆ ಬೆನ್ನು ಕೊಡುವುದೇ? ಕೊಡದಿದ್ದರೆ ಗರಡಿಯಿಲ್ಲ. ಗರಡಿಯಿಲ್ಲದೆ ಅವರಿಗೆ ಉಸಿರೇ ಆಡುವುದಿಲ್ಲ.

ಕೊನೆಗೆ, ಅತ್ತೆ ಪುರಾಣ ಕೇಳಲು ಹೋದ ಹೊತ್ತು ನೋಡಿಕೊಂಡು ಕೊಟ್ಟಿಗೆಯಲ್ಲಿ ಹುಲ್ಲು ಹರಡಿ ಗುಟ್ಟಾಗಿ ಅಭ್ಯಾಸ ಶುರುಮಾಡಿದರು. ಬೀಳಲು ಹೋದರೆ ಕಾಲು ಬಿಗಿಯುವುದು, ಕೈ ತಾನಾಗಿ ನೆಲಕ್ಕೆ ಊರುವುದು. ಮೈಯ ಒಂದೊಂದು ಗಂಟೂ ಒಲ್ಲೆ ಎನ್ನುತ್ತಿತ್ತು. ನನಗೆ ಕನಿಕರವಾಯಿತು.

“ಹೆಂಗೆ ಬೀಳ್ಬೇಕಂತೆ, ಹೇಳ್ರಿ ನೋಡಾನ.”

“ಗದ್ದ ಎದೆಗೆ ಒತ್ತಬೇಕು, ಉಸಿರು ಹೊರಗೆ ಬಿಡ್ಬೇಕು, ಕೈ ಊರಬಾರ್ದು. ನಿಂಗ್ಯಾಕೆ ಅದು?”

ಸೆರಗು ಸಿಕ್ಕಿಸಿಕೊಂಡು “ಆಂಜನೇಯಾ!” ಎಂದು ಬಿದ್ದೆ. ದೇವರ ಹೆಸರು ಹೇಳಿದ್ದಕ್ಕೆ ಉಸಿರು ತಾನೇ ಹೊರಗೆ ಹೋಯಿತು. ಒಂದಿಷ್ಟೂ ನೋವಾಗಲಿಲ್ಲ.

ಅವರು ಬಾಯಿ ಬಿಟ್ಟುಕೊಂಡು ನಿಂತರು. “ಯಾರೇ ಕಲಿಸಿದ್ದು ನಿಂಗೆ?”

“ಯಾರೂ ಇಲ್ಲ. ನಂಗೇನೂ ಬರಲ್ಲ ನೋಡ್ರಿ, ಅದ್ಕೆ ನೀವು ಹೇಳಿದಂಗೆ ಬಿದ್ದೆ.”

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ! ಪುರಾಣ ಅವತ್ತು ಬೇಗ ಮುಗಿದಿತ್ತು. ಸೊಸೆ ನೆಲದ ಮೇಲೆ, ಮಗ ಎದುರಿಗೆ. ಅವರಿಗೆ ಇನ್ನೇನು ಅನ್ನಿಸಬೇಕು?

“ಯಾರೋ ಹೆತ್ತ ಮಗಳನ್ನ ಕೆಡವ್ತೀಯೇನೋ, ಮೂಳ! ಪೈಲ್ವಾನಗಿರಿ ಹೆಂಡ್ತಿ ಮ್ಯಾಲೆ ತೋರ್ಸಾಕಾ?”

“ನಾನು ಕೆಡವಿಲ್ಲ ಕಣವ್ವಾ, ಅವಳೇ ಬಿದ್ಲು!”

“ಎಲ್ಲಾ ಗಂಡಸ್ರೂ ಹಿಂಗೇ ಹೇಳಾದು!”

ಪೊರಕೆ ಮೇಲೆದ್ದಿತು. ತಪ್ಪಿಸಿಕೊಳ್ಳಲು ಹಿಂದೆ ಸರಿದವರ ಕಾಲಿಗೆ ಹುಲ್ಲು ಸಿಕ್ಕಿ, “ಆಂಜನೇಯಾ!” ಎಂದು ಬಿದ್ದರು. ಗದ್ದ ಎದೆಗೆ, ಕೈ ಮೇಲೆ, ಉಸಿರು ಹೊರಗೆ. ಪಟ್ಟುಗಳ ಹೆಸರೆಲ್ಲ ಪೊರಕೆಯ ಭಯಕ್ಕೆ ಮರೆತುಹೋಗಿರಬೇಕು. ಬಿದ್ದಲ್ಲೇ ನಗತೊಡಗಿದರು. ಅತ್ತೆಗೆ ಗಾಬರಿ; ಮಗನಿಗೆ ಗಾಳಿ ಸೋಕಿದೆಯೆಂದು ಆ ಸಂಜೆಯೇ ಅಂತ್ರ ಕಟ್ಟಿಸಿದರು.

ಮಾರನೆಯ ದಿನ ಉಸ್ತಾದರ ಎದುರು, ಹುಡುಗರ ಎದುರು ಬಿದ್ದುಬಂದರು. ಬೆನ್ನ ತುಂಬ ಕೆಂಪು ಮಣ್ಣು, ಮಜ್ಜಿಗೆಯ ಹುಳಿ ವಾಸನೆ.

“ಯಾವನೋ ಕೆಡವಿದ್ದು?” ಅತ್ತೆ ಕೇಳಿದರು.

“ನಾನೇ ಬಿದ್ದೆ ಕಣವ್ವಾ. ನಾಳೆಯಿಂದ ಕಲಿಸ್ತಾರಂತೆ. ಮೊದಲ್ನಿಂದ!”

ಬಿಸಿನೀರು ಕಾಸಿಟ್ಟು ಬೆನ್ನು ಉಜ್ಜಲು ಹೋದೆ. “ಇರ್ಲಿ ಬಿಡೇ,” ಎಂದರು, “ಇವತ್ತೊಂದಿನ ಇರ್ಲಿ.”

ಅವರು ಹೋಗಿ ಬಹಳ ಕಾಲವಾಯಿತು. ಕಲಿಸಿದ ಉಸ್ತಾದರಿಗೂ ಪೊರಕೆ ಎತ್ತಿದ ಅತ್ತೆಗೂ ಇವತ್ತು ಮನಸ್ಸಿನಲ್ಲೇ ಕೈ ಮುಗಿದೆ. ಜಾರಿದಾಗ ಗದ್ದ ತಾನಾಗಿ ಎದೆಗೆ ಒತ್ತಿಕೊಂಡಿತ್ತು; ಗಡಿಗೆ ಒಡೆಯಿತು, ಸೊಂಟ ಉಳಿಯಿತು. ದೇವರು ದೊಡ್ಡವನು.

ಮೊಮ್ಮಗಳು ನನ್ನನ್ನು ಎಬ್ಬಿಸಿ ಕೂರಿಸಿ ಒದ್ದೆ ಬಟ್ಟೆ ತಂದಳು. “ಅಜ್ಜಿ, ಬೆನ್ನಿಗೆಲ್ಲ ಮಣ್ಣು ಹತ್ತೈತೆ. ತಿರುಗು, ಒರೆಸ್ತೀನಿ.”

“ಇರ್ಲಿ ಬಿಡೇ,” ಎಂದೆ, “ಇವತ್ತೊಂದಿನ ಇರ್ಲಿ.”