ಚಾದರ ಹೊದ್ದ ಮಲ್ಟಿಮೀಡಿಯಾ

ನನಗೆ ಸಿಟ್ಟು ಬರುವುದೂ ತಡ, ಇಳಿಯುವುದೂ ತಡ. ತೊಂಬತ್ತರ ದಶಕದ ಕೊನೆಗೆ ಸೋಲಾಪುರದ ನಮ್ಮ ಇಂಜಿನಿಯರಿಂಗ್ ಕಾಲೇಜಿಗೆ ಮಲ್ಟಿಮೀಡಿಯಾ ಬಂದಾಗ ಏರಿದ ಸಿಟ್ಟು ಇನ್ನೂ ಇಳಿದಿಲ್ಲ.

ಮಲ್ಟಿಮೀಡಿಯಾ ಎಂದರೆ ಒಂದು ಕಂಪ್ಯೂಟರು, ಎರಡು ಸ್ಪೀಕರು, ಗೋಡೆಯ ಮೇಲೆ ಚಿತ್ರ ಬೀಳಿಸುವ ಪ್ರೊಜೆಕ್ಟರು, ನಾಲ್ಕಾರು ಸೀಡಿ. ಯಂತ್ರಗಳ ಚಲನೆ ಕಲಿಸುವ ನಾನು ಹಿಗ್ಗಿಹೋದೆ. ಹದಿನೈದು ವರ್ಷ ಹಲಗೆಯ ಮೇಲೆ ಕ್ಯಾಮ್ ಬರೆದಿದ್ದೆ. ಕ್ಯಾಮ್ ಎಂದರೆ ಒಂದು ಕಡೆ ಉಬ್ಬಿದ ಚಕ್ರ. ತಿರುಗುತ್ತ ಪಕ್ಕದ ಕೋಲನ್ನು ತಳ್ಳುತ್ತದೆ. ನನ್ನ ಹಲಗೆಯ ಮೇಲೆ ಅದು ಒಮ್ಮೆಯೂ ತಿರುಗಲಿಲ್ಲ, ಸುಟ್ಟ ಬದನೆಕಾಯಿಯಂತೆ ಬಿದ್ದಿರುತ್ತಿತ್ತು. ತಡವಳ ಎಂಬ ಹಳ್ಳಿಯಿಂದ ಬರುತ್ತಿದ್ದ ಮಹಾದೇವಿ ಆ ಪೇಪರಿನಲ್ಲಿ ಎರಡು ಸಲ ಫೇಲಾಗಿದ್ದಳು. ಮತ್ತೊಮ್ಮೆ ಫೇಲಾದರೆ ಕಾಲೇಜು ಬಿಡಿಸುತ್ತೇವೆಂದು ಮನೆಯವರು ಹೇಳಿದ್ದರು. ಸೀಡಿಯಲ್ಲಿ ಕ್ಯಾಮ್ ತಿರುಗುವುದನ್ನು ತೋರಿಸಿದರೆ ಹುಡುಗಿ ಪಾಸಾಗುತ್ತಾಳೆಂದು ನನಗೆ ಖಾತ್ರಿಯಿತ್ತು.

ತೋರಿಸಲು ಬಿಡಬೇಕಲ್ಲ! ಕೋಣೆಗೆ ಬೀಗ, ಯಂತ್ರಕ್ಕೆ ಸೋಲಾಪುರದ ಮಗ್ಗದ್ದೇ ಹೂಬಳ್ಳಿಯ ಚಾದರ. ಒಳಗೆ ಕಾಲಿಡುವವರು ಗುಡಿಗೆ ಹೋದಂತೆ ಚಪ್ಪಲಿ ಬಿಡಬೇಕು. ಪ್ರಾಚಾರ್ಯರನ್ನು ಕೇಳಿದೆ.

"ತಪಾಸಣಿ ಕಮಿಟಿ ಬರೂತನಕ ಹಂಗ ಇರ್ಲಿ ಸರ. ಹುಡುಗೂರ ಕಾಲಾಗ ಧೂಳ ಇರತೈತಿ."

"ಆ ಧೂಳಿನ ಹುಡುಗೂರ ಸಲುವಾಗೇ ತಂದೀವಲ್ರಿ!"

"ರಾಗಾವೂ ನಕಾ," ಸಿಟ್ಟಾಗಬೇಡಿ, ಎಂದು ಮರಾಠಿಗೆ ಹೊರಳಿದರು. ಅವರು ಮರಾಠಿಗೆ ಹೊರಳಿದರೆ ಮಾತು ಮುಗಿಯಿತು ಎಂದೇ ಅರ್ಥ.

ದಸರೆಯ ಮರುವಾರ ಕಮಿಟಿ ಬಂತು. ಚಾದರ ತೆಗೆದರು, ಹುಡುಗರನ್ನು ಬರಿಗಾಲಲ್ಲಿ ಕೂರಿಸಿದರು, ಸೀಡಿ ಹಾಕಿದರು. ಗೋಡೆಯ ನಟ್ಟನಡುವೆ ಕ್ಯಾಮ್ ಇರಬೇಕಾದಲ್ಲಿ ಒಂದು ದೊಡ್ಡ ಕೆಂಪು ಮಬ್ಬು. ಖಂಡೇನವಮಿಯ ಆಯುಧಪೂಜೆಯಲ್ಲಿ ಪ್ರಾಚಾರ್ಯರು ಸ್ವಂತ ಕೈಯಿಂದ ಪ್ರೊಜೆಕ್ಟರಿನ ಗಾಜಿಗೇ ಕುಂಕುಮ ಹಚ್ಚಿದ್ದರು! ಕಮಿಟಿಯವರು ಬಣ್ಣ ಚೆನ್ನಾಗಿದೆ ಎಂದು ಸಹಿ ಹಾಕಿ ಊಟಕ್ಕೆ ಎದ್ದರು. ಮತ್ತೆ ಚಾದರ, ಮತ್ತೆ ಬೀಗ. ನನಗೆ ಮೈಯೆಲ್ಲ ಉರಿಯಿತು.

ಹೊರಗೆ ಚಪ್ಪಲಿ ಹುಡುಕುತ್ತಿದ್ದ ಮಹಾದೇವಿ ಅಂಜುತ್ತ ಕೇಳಿದಳು: "ಸರ, ನಮ್ಮ ಕಾಕಾ ಅಕ್ಕಲಕೋಟ ರಸ್ತೆ ಎಂಐಡಿಸಿದಾಗ ಪವರ್‌ಲೂಮ್ ನಡಸ್ತಾರ್ರಿ. ಅದರಾಗ ಈ ಕ್ಯಾಮ್ ಇರತೈತೇನ್ರಿ?"

ನಾನು ಹಣೆ ಬಡಿದುಕೊಂಡೆ. ಇರದೆ ಏನು? ಮಗ್ಗದಲ್ಲಿ ಲಾಳಿಯನ್ನು ಹೊಡೆದು ಓಡಿಸುವುದೇ ಕ್ಯಾಮ್.

ಮರುದಿನ ಇಡೀ ತರಗತಿ ಆ ಕೈಗಾರಿಕಾ ವಸಾಹತಿನಲ್ಲಿ, ಕಾಕಾನ ಮಗ್ಗದ ಮುಂದಿತ್ತು, ಚಪ್ಪಲಿ ಹಾಕಿಕೊಂಡೇ. ಕಾಕಾ ಮಗ್ಗ ನಿಲ್ಲಿಸಿ, "ಕೈಲೆ ತಿರುವಿ ನೋಡ ಮಗಳ," ಎಂದರು. ಮಹಾದೇವಿ ಗಾಲಿ ತಿರುವಿದಳು. ಕ್ಯಾಮಿನ ಉಬ್ಬು ಮೆಲ್ಲಗೆ ಮೇಲೆ ಬಂತು, ಕೋಲನ್ನು ತಳ್ಳಿತು.

"ಇಷ್ಟ ಏನ್ರಿ ಸರ?" ಎಂದಳು.

ಅವಳು ಪಾಸಾದಳು. ಸಿಟ್ಟು ಮಾತ್ರ ಉಳಿಯಿತು, ಆದರೆ ಮನೆ ಬದಲಿಸಿ ನನ್ನ ಮೇಲೇ ಬಂದು ಕೂತಿತು. ಅಕ್ಕಲಕೋಟದಿಂದ ದಿನಾ ಅದೇ ರಸ್ತೆಯಲ್ಲಿ ಬರುತ್ತಿದ್ದವನು ನಾನು. ಮಗ್ಗಗಳ ಖಟಖಟ ಕೇಳಿದರೆ ತಲೆನೋವೆಂದು ಬಸ್ಸಿನ ಕಿಟಕಿ ಎಳೆದು ಮುಚ್ಚುತ್ತಿದ್ದೆ. ಪ್ರಾಚಾರ್ಯರು ಬೀಗ ಹಾಕಿದ್ದು ಒಂದು ವರ್ಷ. ನಾನು ಹದಿನೈದು ವರ್ಷ ಹಾಕಿದ್ದೆ.